ಕೆರೆಯಲ್ಲಿ ಕೂತ ವಿಮಾನ

ಫೋಟೋದಲ್ಲಿ ಹುಡುಗ ಚೆನ್ನಾಗಿಯೇ ಇದ್ದ. ತಕರಾರೆಲ್ಲ ಅವನ ಬೆನ್ನ ಹಿಂದಿದ್ದ ವಿಮಾನದ್ದು.

ಹುಡುಗನ ಹೆಸರು ಶ್ಯಾಮಣ್ಣ. ಅಂಚೆಟ್ಟಿ ಕಡೆಯವನು. ಜಪಾನಿನವರ ಜೊತೆ ಯುದ್ಧ ನಡೆಯುತ್ತಿದ್ದ ಕಾಲ ಅದು. ಬೆಂಗಳೂರಿನಲ್ಲಿ ಯುದ್ಧದ ವಿಮಾನ ರಿಪೇರಿ ಮಾಡುವ ಕಡೆ ಕೆಲಸ ಎಂದು ಅವನ ಅಪ್ಪ ಮುನಿವೆಂಕಟಪ್ಪ ಹೇಳಿ, ಸಾಕ್ಷಿಗೆ ಈ ಫೋಟೋ ಕೊಟ್ಟು ಹೋಗಿದ್ದ. ಹುಡುಗನಿಗೆ ರಜೆ ಸಿಗುವುದಿಲ್ಲ, ಅವನ ಪರವಾಗಿ ಅಪ್ಪನೇ ಬಂದು ಇವತ್ತು ಸಂಜೆ ವೀಳ್ಯ ಬದಲಾಯಿಸಿಕೊಳ್ಳುವುದು ಎಂದು ಮಾತಾಗಿತ್ತು.

ಹುಡುಗಿಯ ತಂದೆ ಆವುಲಪ್ಪ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಫೋಟೋ ಹಿಡಿದು ಆಲಸನತ್ತದ ತನ್ನ ಮನೆಯ ಜಗಲಿಯ ಮೇಲೆ ಕೂತ. ಹುಡುಗ ಕೆರೆಯ ಏರಿಯ ಮೇಲೆ ನಿಂತಿದ್ದ. ಹಿಂದೆ ಕೆರೆ, ಬೆಳ್ಳಂದೂರು ಕೆರೆ ಎಂದು ಮುನಿವೆಂಕಟಪ್ಪ ಹೇಳಿದ್ದ. ಕೆರೆಯ ನೀರಿನಲ್ಲಿ, ಮಧ್ಯಾಹ್ನದ ಎಮ್ಮೆಯ ಹಾಗೆ ಹೊಟ್ಟೆ ಮುಳುಗಿಸಿಕೊಂಡು, ಒಂದು ವಿಮಾನ ಕೂತಿತ್ತು.

ಪಕ್ಕದ ಮನೆಯ ದಾಸಪ್ಪ ಗೋಡೆಯ ಮೇಲಿಂದ ಕತ್ತು ಚಾಚಿದ. ದಾಸಪ್ಪನ ಕಿವಿಗೆ ಬಿದ್ದ ಮಾತು ಅವನ ಹೊಟ್ಟೆಯಲ್ಲಿ ಒಂದು ಗಳಿಗೆಯೂ ಉಳಿಯುತ್ತಿರಲಿಲ್ಲ.

"ಏನ್ಲಾ ಆವುಲಪ್ಪ, ಅಳಿಯನ ಫೋಟೋನಾ? ಎಲ್ಲಿ, ಕೊಡಿಲ್ಲಿ. ಇಮಾನಕ್ಕೆ ಚಕ್ರ ಎಲ್ಲೈತ್ಲಾ?"

"ನೀರೊಳಗೆ ಇರಬೈದು."

"ಆಕಾಶದಾಗೆ ಹಾರೋ ಇಮಾನ ಕೇಳಿವ್ನಿ. ಕೆರೆಯಾಗೆ ಈಜೋ ಇಮಾನ ಎಲ್ಲೈತೆ? ನಿಂಗೆ ಮೋಟಾರು ಸಾಲ್ದು ಅಂತ ಈ ದಪ ಇಮಾನ ಕಳ್ಸವ್ರೆ ಕಣ್ಲಾ."

ಮೋಟಾರಿನ ಮಾತು ಆವುಲಪ್ಪನ ಎದೆಗೆ ನಾಟಿತು. ದೊಡ್ಡ ಮಗಳು ಮಂಗಮ್ಮನ ಗಂಡ ಮೋಟಾರು ಕಾರಿನಲ್ಲಿ ಕೂತು ಫೋಟೋ ಹಿಡಿಸಿ ಕಳಿಸಿದ್ದ. ಆ ಕಾರು ಸ್ಟುಡಿಯೋದ ಹಲಗೆಗೆ ಬಳಿದ ಬಣ್ಣ, ಅದರ ಹಿಂದೆ ಒಂದು ಬೆಂಚು ಅಷ್ಟೇ ಎಂದು ತಿಳಿದದ್ದು ಮದುವೆಯಾದ ಮೇಲೆ. ಹೆಂಡತಿ ಗೋವಿಂದಮ್ಮ ಅದನ್ನು ಒಂದು ದಿನವೂ ಎತ್ತಿ ಆಡಿರಲಿಲ್ಲ. ಆಡಿದ್ದರೆ ಆವುಲಪ್ಪನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಈಗ ಅವಳು ಬಾಗಿಲಿಗೆ ಬಂದು, "ಆ ಹುಡುಗನ್ನೇ ಕೇಳಿದ್ರೆ ಆಗಲ್ವಾ?" ಎಂದಳು.

"ಮಂಗಿ ಗಂಡನ್ನೂ ಕೇಳಿದ್ದೆ. ಮೋಟಾರು ನಂದೇ ಅಂದ."

ಆವುಲಪ್ಪ ಎದ್ದು ನಿಂತ. "ನೋಡ್ರಿ, ಎಲ್ರೂ ಕೇಳ್ಕಳಿ. ಈ ಇಮಾನ ದಿಟ ಅಂತ ಆದ್ರೆ ಸಂಜೆಗೆ ವೀಳ್ಯ, ಇನ್ನೊಂದು ಮಾತಿಲ್ಲ. ಸುಳ್ಳು ಅಂತ ಆದ್ರೆ ಬಂದೋರ್ಗೆ ನೀರು ಕೊಟ್ಟು ಕಳ್ಸೋದು. ಹೊತ್ತು ಮುಳುಗೋದ್ರೊಳಗೆ ಪತ್ತೆ ಹಚ್ಕೊಂಡು ಬತ್ತೀನಿ."

ಒಳಗೆ ರಾಗಿ ಬೀಸುತ್ತಿದ್ದ ಕಲ್ಲು ನಿಂತಿತು. ಚಿಕ್ಕ ಮಗಳು ಮುನಿರತ್ನಮ್ಮ ಕಿವಿಗೊಟ್ಟು ಕೇಳುತ್ತಿದ್ದಳು. ಫೋಟೋ ಬಂದ ದಿನದಿಂದ ಅವಳು ಅದನ್ನು ಯಾರೂ ಇಲ್ಲದಾಗ ನೋಡುತ್ತಿದ್ದಳು. ಆದರೆ ವಿಮಾನದ ಕಡೆ ಅವಳ ಗಮನ ಹೋಗಿರಲಿಲ್ಲ.

ಆವುಲಪ್ಪ ಹೊಸೂರು ಪೇಟೆಯ ದಾರಿ ಹಿಡಿದ. ಕರೆಯದಿದ್ದರೂ ದಾಸಪ್ಪ ಹಿಂದೆಯೇ ಬಂದ.

ಸ್ಟುಡಿಯೋದ ಮುದಲಿಯಾರರು ಫೋಟೋವನ್ನು ಬೆಳಕಿಗೆ ಹಿಡಿದು ಮೂಲೆಮೂಲೆಯನ್ನೂ ನೋಡಿದರು. ಅವರ ಹಿಂದೆ ಗೋಡೆಯಲ್ಲಿ ಅವರೇ ಬರೆಸಿದ ವಿಮಾನದ ಪರದೆ ತೂಗುತ್ತಿತ್ತು. ಆ ವಿಮಾನಕ್ಕೆ ಕಿಟಕಿಗಳಿದ್ದವು, ಕಿಟಕಿಗೆ ಹೂವಿನ ಪರದೆ, ಬಾಗಿಲ ಪಕ್ಕ ಒಂದು ಹೂಕುಂಡವೂ ಇತ್ತು.

"ಸತ್ಯಮಾ ಸೊಲ್ಲುರೇನ್, ಸತ್ಯವಾಗಿ ಹೇಳ್ತೀನಿ, ಇದು ಬರೆದಿದ್ದಲ್ಲ," ಎಂದರು ಕೊನೆಗೆ. "ಹುಡುಗನ ನೆರಳು ಯಾವ ಕಡೆ ಬಿದ್ದೈತೋ ಆ ರೆಕ್ಕೆ ನೆರಳೂ ಅದೇ ಕಡೆ ನೀರ್ನಾಗೆ ಬಿದ್ದೈತೆ. ಅದೂ ಇರಲಿ, ಇಷ್ಟು ವಿಕಾರವಾದ ಇಮಾನಾನ ಯಾರಾದ್ರೂ ಕಾಸು ಕೊಟ್ಟು ಬರೆಸ್ತಾರೇನಪ್ಪ? ನಮ್ದು ನೋಡು, ಎಷ್ಟು ಲಕ್ಷಣವಾಗೈತೆ!"

ಆವುಲಪ್ಪನ ಮುಖ ಅರಳಿತು. ದಾಸಪ್ಪ ಅದನ್ನು ಅರಳಿದಷ್ಟೇ ಬೇಗ ಬಾಡಿಸಿದ. "ಬರೆದಿದ್ದಲ್ಲ, ಸರಿ. ಹಂಗಾದ್ರೆ ಮೇಲಿಂದ ಕೆರೇಗೆ ಬಿದ್ದಿರೋ ಇಮಾನ ಅದು. ನೋಡಾಕೆ ಊರೆಲ್ಲಾ ಸೇರಿರ್ತೈತೆ, ನಿನ್ನಳಿಯನೂ ಹೋಗಿ ಅದರ ಮುಂದೆ ನಿಂತ್ಕಂಡವ್ನೆ. ನಾನೂ ದೇವಸ್ಥಾನದ ಆನೆ ಮುಂದೆ ನಿಂತಿದ್ದೆ. ಆನೆ ನಂದಾಗ್ತದಾ?"

ಮಾತಿನಲ್ಲಿ ನ್ಯಾಯವಿತ್ತು. ಆವುಲಪ್ಪ ಫೋಟೋವನ್ನು ಮತ್ತೆ ದಿಟ್ಟಿಸಿದ. ಬಿದ್ದ ವಿಮಾನವಾದರೆ ಎಲ್ಲಾದರೂ ಮುರಿದಿರಬೇಕು. ಇದರ ರೆಕ್ಕೆ ಒಂಟಿ ಕಂಬದ ಚಪ್ಪರದ ಹಾಗೆ ಹೊಟ್ಟೆಯ ಮೇಲೆ ಎತ್ತರದಲ್ಲಿ ಸಮನಾಗಿ ನಿಂತಿತ್ತು. ಬೆನ್ನಿನ ಪಕ್ಕಗಳಲ್ಲಿ ಕಪ್ಪೆಯ ಕಣ್ಣಿನಂಥ ಗಾಜಿನ ಉಬ್ಬುಗಳು. ಅವೂ ಒಡೆದಿರಲಿಲ್ಲ. "ಇದು ಬಿದ್ದಿದ್ದಲ್ಲ, ತಾನೇ ಕೂತಿರೋದು," ಎಂದು ಅವನು ಹಲ್ಲು ಕಚ್ಚಿ ಹೇಳಿದ. "ಹವಲ್ದಾರ್ ಮಾವನ್ನ ಕೇಳೋಣ ನಡಿ."

ಹವಲ್ದಾರ್ ದೊಡ್ಡವೆಂಕಟಪ್ಪ ಹಿಂದಿನ ಮಹಾಯುದ್ಧದಲ್ಲಿ ಕಡಲಾಚೆಯ ಬಸ್ರಾಕ್ಕೆ ಹೋಗಿ ಬಂದವನು. ಬರುವಾಗ ಒಂದು ಫೋಟೋ ತಂದಿದ್ದ, ಕಿವಿಗಳನ್ನು ಅಲ್ಲೇ ಬಿಟ್ಟುಬಂದಿದ್ದ. ಗೋಡೆಯ ಮೇಲಿದ್ದ ಆ ಹಳೆಯ ಫೋಟೋವನ್ನು ಇಳಿಸಿ, ಪಂಚೆಯ ತುದಿಯಿಂದ ಒರೆಸಿ, ಎರಡನ್ನೂ ಅಕ್ಕಪಕ್ಕ ಇಟ್ಟ. ಹಳದಿಯಾಗಿದ್ದ ಅದರಲ್ಲಿ ಒಂದು ದೊಡ್ಡ ಹೊಳೆ. ಹೊಳೆಯ ಮೇಲೆ ಒಂದು ವಿಮಾನ!

"ನೋಡ್ದೇನ್ಲಾ ದಾಸ!" ಆವುಲಪ್ಪ ಕುಣಿದೇಬಿಟ್ಟ. "ನೀರಿನ ಇಮಾನ ಐತೆ ಕಣ್ಲಾ!"

"ಐತೆ!" ಹವಲ್ದಾರ ಬೀದಿಗೆಲ್ಲ ಕೇಳುವಂತೆ ಕೂಗಿದ. ಕಿವುಡನ ಗುಟ್ಟಿನ ಮಾತೂ ಹಾಗೆಯೇ ಇರುತ್ತಿತ್ತು. "ಆದ್ರೆ ನಮ್ದು ನೋಡು, ರೆಕ್ಕೆ ಎರಡು ಅಂತಸ್ತು. ಕೆಳಗೆ ಕಾಲಿಗೆ ಕಟ್ಟಿದ ಹಂಗೆ ಜೋಡಿ ದೋಣಿ. ನಿಂದಕ್ಕೆ ದೋಣಿ ಎಲ್ಲೈತೆ? ಹೊಟ್ಟೇನೇ ದೋಣಿ ಮಾಡವ್ರೆ. ರೆಕ್ಕೆ ಒಂದೇ ಅಂತಸ್ತು. ಇದು ನಮ್ಮೋರ್ದಲ್ಲ."

"ಮತ್ತೆ ಯಾರ್ದು ಮಾವ?"

"ಆಂ?"

"ಯಾರ್ದೂ?"

ಹವಲ್ದಾರ ಕಣ್ಣು ಕಿರಿದು ಮಾಡಿದ. ಗೊತ್ತಿಲ್ಲ ಎನ್ನುವುದನ್ನು ಅವನ ಪಲ್ಟನ್ನಿನಲ್ಲಿ ಕಲಿಸಿರಲಿಲ್ಲ. "ಜಪಾನಿನೋರ್ದು!" ಎಂದು ಗುಡುಗಿದ.

ಆವುಲಪ್ಪ ತಿರುಗಿ ನೋಡುವಷ್ಟರಲ್ಲಿ ದಾಸಪ್ಪ ಇರಲಿಲ್ಲ.

ಆಮೇಲಿನದು ಬಹಳ ಬೇಗ ನಡೆಯಿತು. ಪೇಟೆಯ ಈ ತುದಿಯಲ್ಲಿ ಆವುಲಪ್ಪನ ಹತ್ತಿರ ಜಪಾನಿನ ವಿಮಾನದ ಫೋಟೋ ಇತ್ತು. ನಡುವೆ, ಕಾಫಿ ಹೋಟೆಲಿನ ಹತ್ತಿರ, ಆವುಲಪ್ಪ ಮಗಳನ್ನು ಜಪಾನಿನವನಿಗೆ ಕೊಡುತ್ತಿದ್ದ. ಆ ತುದಿ ಮುಟ್ಟುವ ಹೊತ್ತಿಗೆ ಜಪಾನಿನವರು ಸಂಜೆ ವೀಳ್ಯಕ್ಕೆ ಆಲಸನತ್ತಕ್ಕೇ ಬಂದಿಳಿಯುವವರಿದ್ದರು, ಅದೂ ಕೆರೆಯ ಮೇಲೆ. ಆ ತುದಿಯಲ್ಲಿ ಒಬ್ಬ ಕಾನ್ಸ್ಟೇಬಲ್ ನಿಂತಿದ್ದ.

"ನಡೀಯ್ಯಾ," ಎಂದು ಕಾನ್ಸ್ಟೇಬಲ್ ಆವುಲಪ್ಪನ ರೆಟ್ಟೆ ಹಿಡಿದ. "ಸರ್ಕಾರಿ ಬಂಗಲೆ ಹತ್ರ ಮಿಲಿಟರಿ ಲಾರಿಗಳು ನಿಂತವೆ. ಕ್ಯಾಪ್ಟನ್ ದೊರೆ ಅವ್ರೆ. ಅವರ ಮುಂದೆ ಹೇಳು."

"ದೊರೆಗೆ ಇಮಾನದ ವಿಚಾರ ಗೊತ್ತಿರ್ತದಾ?"

"ಮಿಲಿಟರಿಯೋರ್ಗೆ ಗೊತ್ತಿರಲ್ವೇನಯ್ಯ?"

"ಹಂಗಾದ್ರೆ ಬಿರಬಿರನೆ ನಡೀರಿ ಸ್ವಾಮಿ, ಹೊತ್ತಾಯ್ತು," ಎಂದ ಆವುಲಪ್ಪ. ಹಿಡಿದವನನ್ನು ಹಿಡಿಸಿಕೊಂಡವನೇ ಎಳೆದುಕೊಂಡು ಹೋಗುವುದನ್ನು ಪೇಟೆ ಅಂದು ನೋಡಿತು.

ಬಂಗಲೆಯ ಹುಣಿಸೆ ಮರದ ಕೆಳಗೆ ಕ್ಯಾಪ್ಟನ್ ಮಡಿಸುವ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಪಕ್ಕದಲ್ಲಿ ತಮಿಳು ಗುಮಾಸ್ತ. ಕಾನ್ಸ್ಟೇಬಲ್ ಸಲಾಮು ಹೊಡೆದು "ಸ್ಪೈ" ಎಂದ. ಆವುಲಪ್ಪ ಕೈಮುಗಿದು, ತನಗೆ ಬರುವ ತಮಿಳಿನಲ್ಲಿ, "ಸ್ವಾಮಿ, ಇದು ದಿಟವಾದ ಇಮಾನವಾ? ಅಷ್ಟು ಹೇಳಿಬಿಡಿ, ಆಮೇಲೆ ಬೇಕಾದ್ರೆ ಜೈಲಿಗೆ ಹಾಕಿ," ಎಂದ. ಗುಮಾಸ್ತ ಅದನ್ನು ಇಂಗ್ಲಿಷಿಗೆ ಇಳಿಸಿದ.

ಕ್ಯಾಪ್ಟನ್ ಫೋಟೋ ನೋಡಿದ. ಚಹಾದ ಲೋಟ ಕೆಳಗಿಟ್ಟ. ಚರ್ಮದ ಚೀಲದಿಂದ ಒಂದು ಪುಸ್ತಕ ತೆಗೆದ. ಅದರ ಪುಟಪುಟದಲ್ಲೂ ವಿಮಾನ. ಮೂಗು ಚೂಪಾದವು, ಮೊಂಡಾದವು, ಮೀನಿನಂಥವು, ಮಿಡತೆಯಂಥವು. ಆವುಲಪ್ಪ ಯಾರ ಅಪ್ಪಣೆಯೂ ಇಲ್ಲದೆ ದೊರೆಯ ಭುಜದ ಪಕ್ಕಕ್ಕೆ ಬಗ್ಗಿದ. ಬೆಳಗಿನಿಂದ ನೋಡಿ ನೋಡಿ ಆ ವಿಮಾನ ಅವನ ಕಣ್ಣಿನೊಳಗೇ ಕೂತಿತ್ತು. ಪುಟ ಮಗುಚಿತು, ಮಗುಚಿತು. ಒಂಟಿ ಕಂಬದ ಚಪ್ಪರ. ಕಪ್ಪೆಗಣ್ಣು. ದೋಣಿಯ ಹೊಟ್ಟೆ.

"ಇದೇ!" ಆವುಲಪ್ಪನ ಬೆರಳೂ ಕ್ಯಾಪ್ಟನ್ನನ ಬೆರಳೂ ಒಟ್ಟಿಗೇ ಪುಟದ ಮೇಲೆ ಬಿದ್ದವು.

"ಕ್ಯಾಟಲೀನಾ," ಎಂದ ಕ್ಯಾಪ್ಟನ್.

"ಹೆಣ್ಣುಮಗಳ ಹೆಸರು ಇದ್ದಂಗೈತೆ," ಎಂದ ಆವುಲಪ್ಪ. ಅವನ ಕಣ್ಣಲ್ಲಿ ನೀರು ಬಂದಿತ್ತು. "ನಮ್ಮೋರ್ದಾ ಸ್ವಾಮಿ?"

"ನಮ್ಮ ಕಡೆಯೋರ್ದೇ," ಎಂದ ಗುಮಾಸ್ತ. "ದೊರೆ ಕೇಳ್ತಾರೆ, ಈ ಹುಡುಗ ಯಾರು?"

ಕೇಳಿದ್ದೇ ತಡ. ಹುಡುಗನ ಹೆಸರು, ಅಪ್ಪನ ಹೆಸರು, ಊರು, ಕೆಲಸ ಮಾಡುವ ಜಾಗ, ಫೋಟೋದಲ್ಲಿರುವುದು ಬೆಳ್ಳಂದೂರು ಕೆರೆ ಎಂಬುದು, ಬೀಗತನ ಕುದುರಿದ ಬಗೆ, ಎಲ್ಲವನ್ನೂ ಆವುಲಪ್ಪ ಎದೆಯುಬ್ಬಿಸಿ ಹೇಳಿದ. ಕ್ಯಾಪ್ಟನ್ ಅವನ ಕೈಕುಲುಕಿದ. ಫೋಟೋವನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ. ದೊರೆಗೇ ಅಷ್ಟು ಹಿಡಿಸಿತೆಂದರೆ ಇರಲಿ ಎಂದು ಆವುಲಪ್ಪ ಬಿಟ್ಟುಬಂದ. ಬಂಗಲೆಯ ಗೇಟಿನ ಆಚೆ ದಾಸಪ್ಪ ಎಲ್ಲವನ್ನೂ ನೋಡುತ್ತ ನಿಂತಿದ್ದ.

ಸಂಜೆ ಮುನಿವೆಂಕಟಪ್ಪ ನಂಟರೊಂದಿಗೆ ಬಂದ. ಆವುಲಪ್ಪ ಚಾಪೆಯ ನಡುವೆ ಕೂತು, "ಬೀಗರೇ, ನಿಮ್ಮ ಹುಡುಗನ ಇಮಾನ ಅಂತಿಂಥದ್ದಲ್ಲ. ಕ್ಯಾಟಲೀನಾ. ನಾನೇ ಪತ್ತೆ ಹಚ್ಚಿದೆ," ಎಂದ. ಪೊಲೀಸರು ಹಿಡಿದದ್ದನ್ನು ಹೇಳುವುದು ಮರ್ಯಾದೆಯಲ್ಲವೆಂದು ಬಂಗಲೆಯ ಕತೆಯನ್ನು ಪೂರ್ತಿ ಬಿಟ್ಟ. ವೀಳ್ಯ ಬದಲಾಯಿತು. ಗೋವಿಂದಮ್ಮ ಬಹಳ ದಿನಗಳ ಮೇಲೆ ಗಂಡನ ಮುಖ ನೋಡಿ ನಕ್ಕಳು. ಕೊಟ್ಟ ಮಾತು ಕೊಟ್ಟಾಯಿತು, ಅಡಿಕೆ ಬಾಯಿಗೆ ಬಿದ್ದಾಯಿತು.

ಆಗ ಅಂಗಳದಲ್ಲಿ ಯಾರೋ ಹಾಸಿಗೆಯ ಸುರುಳಿ ಇಳಿಸಿದ ಸದ್ದಾಯಿತು. ಶ್ಯಾಮಣ್ಣ ನಿಂತಿದ್ದ. ಕೈಯಲ್ಲಿ ತಗಡಿನ ಪೆಟ್ಟಿಗೆ, ಮೈಮೇಲೆ ಲಾರಿಯ ಧೂಳು.

"ಓಹೋ, ರಜೆ ಸಿಕ್ತಾ ಅಳಿಯಂದ್ರೇ?" ಆವುಲಪ್ಪ ಎದ್ದು ಬಂದ.

"ಸಿಕ್ತು ಮಾವ," ಎಂದ ಶ್ಯಾಮಣ್ಣ. "ಪೂರ್ತಿ ಸಿಕ್ತು."

ಯಾರಿಗೂ ಅರ್ಥವಾಗಲಿಲ್ಲ. ಹುಡುಗ ಪೆಟ್ಟಿಗೆಯ ಮೇಲೆ ಕುಸಿದು ಕೂತ.

"ಆ ಕೆರೆ ಹತ್ರ ಕ್ಯಾಮೆರಾ ತರೋದೇ ತಪ್ಪು ಮಾವ, ಯುದ್ಧದ ಕಾನೂನು. ಒಬ್ಬ ಬಿಳೀ ಸೋಲ್ಜರು ನನ್ನಾಸೆಗೆ ಒಂದು ಫೋಟೋ ಹಿಡಿದುಕೊಟ್ಟಿದ್ದ. ಅಪ್ಪ ಕೇಳ್ದಾಗ ತಡೀಲಾರ್ದೆ ಕೊಟ್ಟೆ. ಇವತ್ತು ಮಧ್ಯಾಹ್ನ ಹೊಸೂರಿಂದ ಫೋನ್ ಬಂತಂತೆ. ಯಾರೋ ಪುಣ್ಯಾತ್ಮ ಮಿಲಿಟರಿಯೋರ ಹತ್ರ ಹೋಗಿ ಅಂಥ ಫೋಟೋ ಐತೆ ಅಂತ ನನ್ನ ಹೆಸರು, ನಮ್ಮಪ್ಪನ ಹೆಸರು, ಊರು, ಕೆರೆ, ಒಂದೂ ಬಿಡದಂಗೆ ಒಪ್ಪಿಸವ್ನೆ. ಜೈಲಿಗೆ ಹಾಕ್ದೆ ಬಿಟ್ಟಿದ್ದೇ ಹೆಚ್ಚು. ಕೆಲ್ಸ ಹೋಯ್ತು."

ಚಾಪೆಯ ಮೇಲೆ ಯಾರೂ ಅಡಿಕೆ ಅಗಿಯಲಿಲ್ಲ. ಆವುಲಪ್ಪ ತನ್ನ ಪಾದಗಳನ್ನು ನೋಡಿಕೊಂಡ. ಅವು ಬೇರೆ ಯಾರವೋ ಎಂಬಂತೆ ಕಂಡವು.

ಮುನಿವೆಂಕಟಪ್ಪ ಚಾಪೆ ಬಿಟ್ಟೆದ್ದ. "ಯಾವನ್ಲಾ ಅವ್ನು, ನನ್ನ ಮಗನ ಅನ್ನಕ್ಕೆ ಕಲ್ಲು ಹಾಕ್ದೋನು? ಬೀಗರೇ, ನೀವೇ ಹುಡುಕಿಕೊಡಬೇಕು. ಯಾರಿಗೂ ಗೊತ್ತಾಗದ ಇಮಾನಾನೇ ಒಂದು ದಿನದಾಗೆ ಪತ್ತೆ ಹಚ್ಚಿದೋರು ನೀವು. ಒಬ್ಬ ಮನುಷ್ಯ ಎಷ್ಟರೋನು? ಅವ್ನು ಸಿಗೋವರ್ಗೂ ಹುಡುಗ ಈ ಊರು ಬಿಡಲ್ಲ. ಸಿಕ್ಕಿದ ದಿನ ಕಾಲು ಮುರೀದೆ ನಾನೂ ಬಿಡಲ್ಲ."

"ಆಗ್ಲಿ," ಎಂದ ಆವುಲಪ್ಪ.

"ಮದುವೆಗೆ ಮೊದ್ಲೇ ಹುಡುಗಿ ಮನೇಲಿ ಮಲಗೋದು ಚೆನ್ನಾಗಿರಲ್ಲ," ಎಂದು ನಂಟರಲ್ಲೊಬ್ಬರು ಗೊಣಗಿದರು.

ಗೋಡೆಗೆ ಒರಗಿ ಕೂತಿದ್ದ ದಾಸಪ್ಪ ಗಂಟಲು ಸರಿಮಾಡಿಕೊಂಡ. ಅವನ ಕಣ್ಣುಗಳು ಹೊಳೆಯುತ್ತಿದ್ದವು.

"ಅದಕ್ಯಾಕೆ ಯೋಚ್ನೆ? ಊಟ ಇಲ್ಲಿ ಮಾಡ್ಲಿ, ನನ್ನ ಜಗಲೀಲಿ ಮಲಗ್ಲಿ ಬುಡಿ. ನಂಗೂ ಮಾತಿಗೆ ಜೊತೆ ಬೇಕಿತ್ತು."

ಶ್ಯಾಮಣ್ಣ ಕೃತಜ್ಞತೆಯಿಂದ ಕೈಮುಗಿದು ಹಾಸಿಗೆಯನ್ನು ದಾಸಪ್ಪನ ಜಗಲಿಗೆ ಹೊತ್ತುಕೊಂಡು ಹೋಗಿ ಬಿಚ್ಚಿದ. ಪಕ್ಕದಲ್ಲೇ ದಾಸಪ್ಪ ತನ್ನ ಚಾಪೆ ಹಾಸಿ, "ಮೊದ್ಲಿಂದ ಹೇಳ್ತೀನಿ ಕೇಳಪ್ಪ," ಎಂದು ಬಾಯಿ ತೆರೆದ.

ಆವುಲಪ್ಪ ಒಳಗೆ ಹೋದ. ತನ್ನ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದ. ಅವರಿಬ್ಬರ ನಡುವೆ ಅದನ್ನು ಹಾಸಿ, ದಾಸಪ್ಪನ ಕಡೆಗೆ ಮುಖ ಮಾಡಿ, ಕಣ್ಣು ಮುಚ್ಚದೆ ಮಲಗಿದ.