ಗೇರ್‌ಬಾಕ್ಸಿನ ಕೆಳಗಿನ ರವಿವಾರಗಳು

ಹಾಡುಹಗಲೇ ಮಲಗಿದ ಸಂಸಾರಸ್ಥನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಹಾಸಿಗೆಯಲ್ಲಿ ಮಲಗಿದರೆ ಮೈಯಲ್ಲಿ ಆರಾಮಿಲ್ಲವೇ ಎಂದು ಕೇಳುತ್ತಾರೆ, ಪಡಸಾಲೆಯಲ್ಲಿ ಮಲಗಿದರೆ ಮಾಡಲು ಕೆಲಸವಿಲ್ಲವೇ ಎಂದು ಕೇಳುತ್ತಾರೆ. ಅದೇ ಮನುಷ್ಯ ಒಂದು ಹಳೆಯ ಗಾಡಿಯ ಕೆಳಗೆ ಮಲಗಲಿ, ಕಾಲೆರಡೇ ಹೊರಗೆ ಕಾಣುತ್ತಿರಲಿ, ಇಡೀ ಓಣಿ ಅವನನ್ನು ಮರ್ಯಾದೆಯಿಂದ ಬಳಸಿಕೊಂಡು ಹೋಗುತ್ತದೆ. ಐವತ್ತು ದಾಟುವವರೆಗೆ ಈ ಸುಖ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ನಮ್ಮ ಪಿಕಪ್ ಗಾಡಿ ಎಣ್ಣೆ ಸೋರಲು ಶುರುಮಾಡಿದ ಮೇಲೆ.

ನಾನು ಕುಷ್ಟಗಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಊರ ಹೊರಗೆ ಎರಡೆಕರೆ ದಾಳಿಂಬೆ ಇದೆ. ಹಣ್ಣು ಹೇರಲು ಇರಲಿ ಎಂದು, ಗಂಗಾವತಿಯಲ್ಲಿ ಭತ್ತದ ಚೀಲ ಹೊತ್ತು ಹೊತ್ತು ಬೆನ್ನು ಬಾಗಿದ್ದ ಈ ಪಿಕಪ್ಪನ್ನು ಕೊಂಡು ತಂದೆ. ಕೊಪ್ಪಳ ಜಿಲ್ಲೆಯಾಗುವ ಮೊದಲಿನ ಗಾಡಿ, ನಂಬರು ಇನ್ನೂ ರಾಯಚೂರಿನದೇ. ಜಿಲ್ಲೆ ಬದಲಾದ ಸುದ್ದಿಯನ್ನು ಅದಕ್ಕೆ ಯಾರೂ ಹೇಳಿದಂತಿಲ್ಲ. ಮೂರನೆಯ ಗೇರಿಗೆ ಬೀಳುವಾಗ ನಮ್ಮಜ್ಜ ಹೊರಸಿನಿಂದ ಏಳುವಾಗ ಮಾಡುತ್ತಿದ್ದ ಸದ್ದನ್ನೇ ಮಾಡುತ್ತದೆ. ನನಗೆ ಅದರ ಮೇಲೆ ಭಾರೀ ಪ್ರೀತಿ, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ರವಿವಾರ ಬಂತೆಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನನ್ನ ಕೈಯಾರೆ ಎಣ್ಣೆ ಉಣಿಸುತ್ತಿದ್ದೆ.

ಕಳೆದ ವರ್ಷ ಅಂಗಳಕ್ಕೆ ಫರ್ಸಿ ಕಲ್ಲು ಹಾಸಿಸಿದೆವು. ನೀರು ನಿಲ್ಲಬಾರದೆಂದು ನಾನೇ ಎದುರಿಗೆ ನಿಂತು ಬಲಕ್ಕೆ ಒಳ್ಳೆಯ ಇಳಿಜಾರು ಮಾಡಿಸಿದೆ. ತಿಂಗಳೊಪ್ಪತ್ತಿನಲ್ಲಿ ಗಾಡಿಯ ಹೊಟ್ಟೆಯ ಕೆಳಗೆ ಅಂಗೈಯಗಲ ಕಲೆ ಮೂಡಿತು. ನನ್ನ ಹೆಂಡತಿ ಶಾಂತಾ ಬೆಳಿಗ್ಗೆ ತಿಕ್ಕಿ ತೊಳೆದರೆ ಸಂಜೆಗೆ ಅದು ಮತ್ತೆ ಹಾಜರು. ಒಂದು ದಿನ ಅವಳು ಕಸಬರಿಗೆಯನ್ನು ಗೋಡೆಗೆ ಆನಿಸಿ ನಿಂತಳು.

“ನೋಡ್ರಿ, ಅಮಾಸಿ ಕಳದ ಸೋಮವಾರ ತಳಕಲ್ಲಿನಿಂದ ನಮ್ಮಣ್ಣ ಬರ್ತಾನ. ಅವಂಗೊಂದು ಗಾಡಿ ಬೇಕಾಗೇತಿ. ಅಷ್ಟ್ರಾಗ ಇದು ಸೋರೂದು ನಿಂತ್ರ ಇರ್ಲಿ, ನಿಲ್ಲಲಿಲ್ಲಂದ್ರ ಅವನ ಕೈಯಾಗ ಕೊಟ್ಟು ಕಳಸೂದ. ತೊಳದ ತೊಳದ ನನ್ನ ರಟ್ಟಿ ಹೋಗ್ಯಾವು.”

ನಡುವೆ ಮೂರು ರವಿವಾರಗಳಿದ್ದವು. ನಾನು ಪತ್ತೇದಾರಿಕೆಗೆ ಇಳಿದೆ. ಬೆರಳಿಗೆ ಹಚ್ಚಿ ನೋಡಿದರೆ ಜೇನಿನಷ್ಟು ದಪ್ಪ, ಮೂಸಿದರೆ ಕೊಳೆತ ಉಳ್ಳಾಗಡ್ಡಿಯ ವಾಸನೆ. ಅಂದರೆ ಇದು ಎಂಜಿನ್ನಿನದಲ್ಲ, ಗೇರ್‌ಬಾಕ್ಸಿನ ಎಣ್ಣೆ. ಬಸ್‌ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನ ಖಾಜಾಸಾಬ ಮೇಸ್ತ್ರಿ ಉಪಾಯ ಹೇಳಿದ: “ಸೀಮಿಎಣ್ಣಿ ಹಚ್ಚಿ ಛಲೋತ್ನಾಗಿ ತೊಳೀರಿ ಸಾಹೇಬ್ರ. ಒಣಗಿದ ಮ್ಯಾಲ ಬಿಳಿ ಪುಡಿ ಉದುರಸ್ರಿ. ಒಂದ ರೌಂಡ್ ಓಡಿಸ್ಕೊಂಡು ಬಂದು ಕೆಳಗ ಮಕ್ಕೊಂಡು ನೋಡ್ರಿ. ಎಣ್ಣಿ ಎಲ್ಲಿಂದ ಹೊಂಟೈತೋ ಅಲ್ಲಿ ಪುಡಿ ಹಸಿ ಆಗಿರ್ತೈತಿ.”

ಬಿಳಿ ಪುಡಿ ಎಂದರೆ ನಮ್ಮ ಮನೆಯಲ್ಲಿ ಶಾಂತಾಳ ರಂಗೋಲಿ ಡಬ್ಬಿಯೊಂದೇ. ಆ ವಿಚಾರಣೆ ಬೇರೆಯೇ ನಡೆಯಿತು, ಅದನ್ನು ಇಲ್ಲಿ ಎತ್ತುವುದಿಲ್ಲ.

ಮೊದಲ ರವಿವಾರ ಉಂಡವನೇ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಸರಿದೆ. ಅಬ್ಬಾ, ಅಲ್ಲಿ ಎಂಥ ತಂಪು! ಹೊರಗೆ ಬಿಸಿಲು ಬೆಳ್ಳಗೆ ಕುದಿಯುತ್ತಿತ್ತು. ಗಾಲಿಗಳ ನಡುವಿನಿಂದ ಓಣಿ ಕಾಣುತ್ತಿತ್ತು, ಜನರಿಗೆ ಮುಖವೇ ಇಲ್ಲ, ಬರೀ ಪಾದ. ಎಲ್ಲೋ ಜೋಳದ ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು. ತಲೆಯ ಮೇಲೆ ರಂಗೋಲಿ ಹಚ್ಚಿಕೊಂಡ ಗೇರ್‌ಬಾಕ್ಸು ಬೆಳ್ಳಗೆ ತೇಲುತ್ತಿತ್ತು. ಅದರ ತುದಿಯಲ್ಲಿ ಒಂದು ಹನಿ ಕೂಡತೊಡಗಿತು. ಕೂಡಿತು, ದುಂಡಗಾಯಿತು, ಅದರೊಳಗೆ ಪುಟ್ಟ ಅಂಗಳ ತಲೆಕೆಳಗಾಗಿ ಹೊಳೆಯಿತು. ನೋಡನೋಡುತ್ತ ನಾನು ಹೊಳೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿದ್ದೆ. ಸುತ್ತ ಭತ್ತದ ಹಸಿರು, ಅದರಾಚೆ ತುಂಗಭದ್ರೆ. ನಮ್ಮ ಪಿಕಪ್ಪು ಹರಗೋಲಿನಂತೆ ಮೆಲ್ಲಗೆ ತಿರುಗುತ್ತ ತೇಲುತ್ತಿತ್ತು, ನಾನು ಅದರಲ್ಲಿ ಅಂಗಾತ ಮಲಗಿದ್ದೆ. ಯಾರಿಗೂ ಯಾವ ದಾಖಲೆಯೂ ಬೇಕಾಗಿರಲಿಲ್ಲ. ಆಮೇಲೆ ಹಣೆಯ ಮೇಲೆ ಟಪ್ಪೆಂದು ಏನೋ ಬಿತ್ತು. ಎದ್ದು ನೋಡಿದರೆ ಸಂಜೆಯಾಗಿತ್ತು, ಹನಿ ಎಲ್ಲಿಂದ ಹೊರಟಿತೆಂದು ನೋಡುವುದು ತಪ್ಪಿಹೋಗಿತ್ತು.

ಎರಡನೆಯ ರವಿವಾರವೂ ಹೀಗೆಯೇ ಕಳೆಯಿತು. “ಸಿಕ್ತೇನ್ರಿ?” ಎಂದು ಶಾಂತಾ ಕೇಳಿದಾಗ, “ಇನ್ನೇನು ಸಿಗಾಕತ್ತೈತಿ” ಎಂದೆ. ಕೆನ್ನೆಯ ಮೇಲೆ ಗೋಣಿಚೀಲದ ಗೀರು ಮೂಡಿದ್ದು ನನಗೆ ಗೊತ್ತಿರಲಿಲ್ಲ.

ಮೂರನೆಯ ರವಿವಾರ ಕಣ್ಣಿಗೆ ನೀರು ಚಿಮುಕಿಸಿಕೊಂಡು ಎಚ್ಚರವಾಗಿದ್ದು ನೋಡಿದೆ. ಗೇರ್‌ಬಾಕ್ಸಿನ ಹಿಂತುದಿಯಲ್ಲಿ, ಹಿಂದಿನ ಗಾಲಿಗಳಿಗೆ ಹೋಗುವ ಉದ್ದನೆಯ ಶಾಫ್ಟು ಸೇರುವಲ್ಲಿ ಪುಡಿ ಹಸಿಯಾಗಿತ್ತು. ಅಲ್ಲಿನ ಸೀಲು ಹೋಗಿರಬೇಕು, ಒಳಗೆ ಬೇರಿಂಗೂ ಸವೆದಿರಬೇಕು, ಇಡೀ ಗೇರ್‌ಬಾಕ್ಸು ಇಳಿಸಬೇಕು. ಶಾಂತಾ ಇಷ್ಟು ಖರ್ಚಿಗೆ ಒಪ್ಪುವ ಮಾತೇ ಇಲ್ಲ. ಆ ಸಂಜೆ ಗಾಡಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತೆ. ನಮ್ಮ ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ, ಭಾವ ಬರುವ ಮೊದಲೇ, ಕೊನೆಯ ಆಸೆಯಿಂದ ಖಾಜಾಸಾಬನನ್ನು ಕರೆತಂದೆ. ಅವನು ಕೆಳಗೆ ಹೋಗಿ ಕೈಗನ್ನಡಿ ಹಿಡಿದು ಗೇರ್‌ಬಾಕ್ಸಿನ ನೆತ್ತಿ ನೋಡಿದ.

“ಸೀಲ್ ಹೋಗಿಲ್ರಿ ಸಾಹೇಬ್ರ. ಮ್ಯಾಲ ಉಸುರಾಡೂ ತೂತೈತಲ್ರಿ, ಅಲ್ಲಿಂದ ಉಕ್ಕಿ ಹಿಂದ ಹರದೈತಿ. ಗಾಡೀನ ಸಪಾಟ ಜಾಗಾಕ ದೂಡೂಣು ಬರ್ರಿ.”

ದೂಡಿ ಓಣಿಯ ಸಮನೆಲಕ್ಕೆ ತಂದೆವು. ಅವನು ಎಡಮಗ್ಗುಲಿನ ಎಣ್ಣೆ ಹಾಕುವ ಬಿರಟೆ ಬಿಚ್ಚಿದ್ದೇ ತಡ, ಎಣ್ಣೆ ಬುಳುಬುಳು ಬಂತು. ಇಟ್ಟ ಬೋಗುಣಿ ಅರ್ಧ ತುಂಬಿತು.

“ಎಣ್ಣಿ ಯಾರ ಹಾಕ್ತಾರ್ರಿ?”

“ನಾನ. ಪ್ರತಿ ರವಿವಾರ.”

“ಇಲ್ಲೇ ಅಂಗಳದಾಗ ನಿಂದ್ರಿಸಿ?”

“ಹೂಂ.”

ಖಾಜಾಸಾಬ ಹಣೆ ಹಣೆ ಬಡಿದುಕೊಂಡು ನಕ್ಕ. “ಎಣ್ಣಿ ಹಾಕೂ ತೂತಿನ ಮಟಾ ಬಂದ್ರ ತುಂಬಿದಂಗ ಲೆಕ್ಕ. ಅಂಗಳ ಬಲಕ್ಕ ವಾಲೈತಿ, ಆ ತೂತು ಎಡಕ್ಕ ಮ್ಯಾಲ ಎದ್ದೈತಿ. ಎಷ್ಟ ಹಾಕಿದ್ರೂ ಕಮ್ಮಿ ಅನ್ನಸ್ತೈತ್ರಿ. ಇದಕ್ಕ ಏನೂ ಬ್ಯಾನಿ ಇಲ್ಲ ಸಾಹೇಬ್ರ, ಬರೇ ಅಜೀರ್ಣ!”

ನಮ್ಮ ಕಡೆ ಉಣ್ಣಲು ಕುಳಿತವರಿಗೆ ಸಾಕು ಎನ್ನುವ ಹಕ್ಕಿಲ್ಲ. ಕೈ ಅಡ್ಡ ಹಿಡಿದರೆ ಆ ಕೈಯ ಮೇಲೇ ಹೋಳಿಗೆ ಇಡುತ್ತೇವೆ. ಪಾಪ, ಗಾಡಿಗೆ ಅಡ್ಡ ಹಿಡಿಯಲು ಕೈಯೂ ಇರಲಿಲ್ಲ. ಸೋರಿತೆಂದು ನಾನು ಸುರಿದೆ, ಸುರಿದೆನೆಂದು ಅದು ಸೋರಿತು. ಒಂದು ವರ್ಷ ನಮ್ಮಿಬ್ಬರ ಪ್ರೀತಿ ಹೀಗೆ ಸಾಗಿತ್ತು.

ಶಾಂತಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಅಂದ್ರ ಗಾಡೀದು ಏನೂ ತಪ್ಪಿಲ್ಲ?”

“ಇಲ್ಲ ಬಿಡ್ರಿ ಅಕ್ಕಾರ, ಬಂಗಾರದಂಥಾ ಗಾಡಿ.”

“ಹಂಗಾದ್ರ ನಮ್ಮಣ್ಣನ ಕೂಡ ಯಾರನ್ನ ಕಳಸಬೇಕು ಅಂತ ವಿಚಾರ ಮಾಡ್ತೀನಿ” ಎಂದು ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

ಭಾವ ಬಂದ, ಉಂಡ, ಬಸ್ಸು ಹತ್ತಿ ಬರಿಗೈಯಲ್ಲಿ ತಳಕಲ್ಲಿಗೆ ಹೋದ. ಈಗ ಒಂದು ಹನಿಯೂ ಬೀಳುವುದಿಲ್ಲವಾದ್ದರಿಂದ ಗಾಡಿಯ ಕೆಳಗೆ ಮಲಗಲು ನನಗೆ ಯಾವ ಕಾರಣವೂ ಉಳಿದಿಲ್ಲ. ರವಿವಾರ ಮಧ್ಯಾಹ್ನ ಕುಕ್ಕರುಗಾಲಿನಲ್ಲಿ ಕುಳಿತು ಹಳೆಯ ಕಲೆ ತಿಕ್ಕುತ್ತೇನೆ. ಗಾಡಿಯನ್ನು ಮನೆಯಲ್ಲೇ ಉಳಿಸಿಕೊಳ್ಳತಕ್ಕದ್ದೆಂದು ಆದೇಶವಾಗಿದೆ. ನನ್ನ ಕಡತ ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ.