ಸಮುದ್ರದಿಂದ ಎದ್ದು ಬಂದವನು

ಒಸಾಕಾದಲ್ಲಿ ಆರು ವಾರ ಟ್ರೇನಿಂಗ್ ಮುಗಿಸಿ ಬಂದ ಎಂಜಿನಿಯರ್ ಚಕ್ರಪಾಣಿ, "ಜಪಾನೀಸ್ ನಂಗೆ ನೀರು ಕುಡಿದಷ್ಟು ಸುಲಭ" ಎಂದು ಮೆಲ್ಬರ್ನಿನ ಕನ್ನಡ ಕೂಟದಲ್ಲಿ ಬಾಯಿಬಿಟ್ಟಿದ್ದೇ ತಪ್ಪಾಯಿತು. ಕೂಟದ ಪತ್ರಿಕೆಯ ಸಂಪಾದಕಿ ಅರುಂಧತಿ ಬಿಡುತ್ತಾರೆಯೇ? ೧೯೯೩ರ ದೀಪಾವಳಿ ಸಂಚಿಕೆಗೆ ಜಪಾನಿನ ಕುರಹಾಶಿಯ ಒಂದು ಕಾಮಿಕ್ಸನ್ನು ಕನ್ನಡಕ್ಕೆ ತರಲೇಬೇಕೆಂದು ಪಟ್ಟುಹಿಡಿದರು. ಈ ಕುರಹಾಶಿ ಮಕ್ಕಳಿಗಲ್ಲ, ಬದುಕಿನಲ್ಲಿ ಸೋತ ದೊಡ್ಡವರಿಗೆಂದು ಕಾಮಿಕ್ಸ್ ಬರೆದ ಮೊದಲಿಗ.

ಚಕ್ರಪಾಣಿಗೆ ಬರುತ್ತಿದ್ದುದು 'ಅರಿಗಾತೊ', ಅಂದರೆ ಧನ್ಯವಾದ, ಅದೊಂದೇ. ಚಿತ್ರ ನೋಡಿ ನೋಡಿ ಮಾತು ಹೊಸೆದ. ಒಬ್ಬ ಸಮುದ್ರದಿಂದ ಎದ್ದು ಬರುತ್ತಾನೆ, ಬಿಟ್ಟುಹೋದ ಹೆಂಡತಿ ಪೆಟ್ಟಿಗೆ ಸಮೇತ ಹಿಂದಿರುಗುತ್ತಾಳೆ, ಕೊನೆಗೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಡುತ್ತಾನೆ. ಕರಡು ಓದಿದ ಅರುಂಧತಿ ಕಣ್ಣೊರೆಸಿಕೊಂಡರು.

ಸಂಚಿಕೆ ಬಿಡುಗಡೆಯ ದಿನ ಬೆಳಗ್ಗೆ ಲೈಬ್ರರಿಯಲ್ಲಿ ಅದೇ ಪುಸ್ತಕದ ಇಂಗ್ಲಿಷ್ ಅನುವಾದ ಚಕ್ರಪಾಣಿಯ ಕಣ್ಣಿಗೆ ಬಿತ್ತು. ತೆರೆದರೆ ಮೊದಲ ಪುಟದಲ್ಲೇ ಊಟದ ಡಬ್ಬಿ! ಮುನ್ನುಡಿ ನೋಡಿದರೆ, ಜಪಾನಿನವರು ಪುಸ್ತಕವನ್ನು ಬಲಗಡೆಯಿಂದ ಓದುತ್ತಾರಂತೆ. ಕೊನೆಯ ಪುಟದಲ್ಲಿ ಪಾಪ, ಆ ಮನುಷ್ಯ ಸಮುದ್ರಕ್ಕೆ ಹಾರುತ್ತಾನೆ. ನಮ್ಮ ಪುಣ್ಯಾತ್ಮ ಇಡೀ ಕತೆಯನ್ನು ಹಿಂದುಮುಂದಾಗಿ ಬರೆದಿದ್ದ.

ಮನೆಗೆ ಬಂದರೆ ಅರುಂಧತಿಯ ಫೋನು.

"ಚಕ್ರಪಾಣಿಯವ್ರೇ, ಗುಡ್ ನ್ಯೂಸ್! ಸಂಜೆಗೆ ಚೀಫ್ ಗೆಸ್ಟ್ ಸಿಕ್ಕಿದ್ರು. ನಮ್ಮ ಆಫೀಸಿನ ನವೋಮಿ, ಜಪಾನೀಸು. ನಿಮ್ ಕನ್ನಡಾನ ನಾನು ಇಂಗ್ಲಿಷಲ್ಲಿ ಹೇಳ್ತೀನಿ, ಒರಿಜಿನಲ್ ಜೊತೆ ಹೋಲಿಸಿ ಮಾತಾಡ್ಬೇಕು ಅಂದಿದೀನಿ."

"ಅಯ್ಯೋ, ನಂಗೆ ಜ್ವರ ಕಣ್ರೀ!"

"ಅದಕ್ಕೇನು, ನಮ್ಮೆಜಮಾನ್ರನ್ನ ಕಳಿಸ್ತೀನಿ."

ಯಜಮಾನರು ಡಾಕ್ಟರ್ ಗುರುದತ್ತ. ಥರ್ಮಾಮೀಟರ್ ಇಟ್ಟು ನೋಡಿ, "ಏನೂ ಇಲ್ವಲ್ರೀ! ಸ್ಟೇಜ್ ಫಿಯರ್ರು, ಅಷ್ಟೆ" ಎಂದು ಹಿಡಿದು ಕಾರಿಗೆ ಹತ್ತಿಸಿದರು. ಇವತ್ತು ಮಾನ ಹೋದರೆ ಈ ಊರಿನ ಒಬ್ಬ ಕನ್ನಡಿಗನಿಗೂ ಮುಖ ತೋರಿಸುವಂತಿಲ್ಲವೆಂದು ಚಕ್ರಪಾಣಿ ಡ್ಯಾಂಡಿನಾಂಗ್ ಬಡಾವಣೆಯ ಹಾಲ್ ತಲುಪುವವರೆಗೂ ಬೆವರಿದ.

ವೇದಿಕೆಯಲ್ಲಿ ನವೋಮಿ ಜಪಾನೀ ಪುಸ್ತಕ ತಿರುವಿದಳು, ಹುಬ್ಬು ಗಂಟಿಕ್ಕಿದಳು. ಆಮೇಲೆ ಇವನ ಕಿವಿಯ ಬಳಿ ಬಗ್ಗಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು: "ನಾನು ಹುಟ್ಟಿದ್ದೇ ಸಿಡ್ನಿಯಲ್ಲಿ ಸಾರ್. ಜಪಾನೀಸ್ ಮಾತಾಡೋಕೂ ಬರಲ್ಲ, ಒಂದಕ್ಷರ ಓದೋಕೂ ಬರಲ್ಲ. ಹೇಳೋಕೆ ನಾಚಿಕೆಯಾಗಿ ಬಂದುಬಿಟ್ಟೆ."

ಚಕ್ರಪಾಣಿಗೆ ಹೋದ ಜೀವ ಬಂತು. ಅಷ್ಟಕ್ಕೆ ಸುಮ್ಮನಿರಬಾರದೇ? "ನಾಚಿಕೆ ಯಾಕಮ್ಮಾ, ನಮ್ಮ ಮಕ್ಕಳ ಕನ್ನಡಾನೂ ಇಷ್ಟೇ. ಯಾವಾಗ ಬೇಕಾದ್ರೂ ಕಲೀಬಹುದು" ಎಂದು ದೊಡ್ಡ ಮನಸ್ಸು ತೋರಿಸಿದ.

ನವೋಮಿ ಕರಗಿಹೋದಳು. ಸೀದಾ ಮೈಕಿನ ಮುಂದೆ ನಿಂತು ತನಗೆ ಜಪಾನೀಸ್ ಬಾರದೆಂದು ಒಪ್ಪಿಕೊಂಡಳು. "ಆದರೆ ಭಾನುವಾರದಿಂದ ಈ ಸಾರ್ ಹತ್ತಿರ ಕಲೀತೀನಿ. ನಮ್ಮಜ್ಜಿಯನ್ನೂ ಕರ್ಕೊಂಡು ಬರ್ತೀನಿ. ಅವರಿಗೆ ಜಪಾನೀಸ್ ಬಿಟ್ಟು ಬೇರೇನೂ ಬರಲ್ಲ, ಮಾತಾಡೋಕೆ ಒಬ್ಬರಾದರೂ ಸಿಗಲಿ ಅಂತ ಕಾಯ್ತಾ ಇದಾರೆ."

ಹಾಲೆಲ್ಲ ಚಪ್ಪಾಳೆ. ಚಕ್ರಪಾಣಿ ಕುರ್ಚಿಯಲ್ಲೇ ವಾಲಿದ. ಗುರುದತ್ತರು ಓಡಿಬಂದು ಹಣೆ ಮುಟ್ಟಿ ನೋಡಿದರು. ಈ ಸಲ ಜ್ವರ ನಿಜವಾಗಿಯೂ ಇತ್ತು.