ಯೋಚನೆ ಮಾಡಿ ಹೇಳುವ ಡಬ್ಬ

ಇಂದ್ರೇಶನ ಹೊಸ ಕಂಪ್ಯೂಟರಿಗೆ ಇದ್ದ ಒಂದೇ ದೋಷವೆಂದರೆ ಅದು ತುಂಬ ಚುರುಕಾಗಿತ್ತು.

ಅರಸೀಕೆರೆಯ ಪೇಟೆ ಬೀದಿಯಲ್ಲಿ ಅವನದು ಕಂಪ್ಯೂಟರ್ ಜಾತಕದ ಅಂಗಡಿ. ಹಳೆಯ ಕಂಪ್ಯೂಟರು ಹುಟ್ಟಿದ ದಿನ, ಗಳಿಗೆ ಹಾಕಿದರೆ ಗುರ್ರೆಂದು ಮೈ ನಡುಗಿಸಿ, ನಡುವೆ ಎರಡು ಏಟು ತಿಂದು, ಗಿರಾಕಿ ಹೋಟೆಲಿಗೆ ಹೋಗಿ ಇಡ್ಲಿ ಮುಗಿಸಿ ಬರುವಷ್ಟರಲ್ಲಿ ಜಾತಕ ಒಪ್ಪಿಸುತ್ತಿತ್ತು. ಆವತ್ತು ಬೆಳಿಗ್ಗೆ ಏಟಿಗೂ ಏಳಲಿಲ್ಲ. ಇಂದ್ರೇಶ ಅದರ ಹೊಟ್ಟೆ ಬಿಚ್ಚಿ, ಹಾರ್ಡ್ ಡಿಸ್ಕ್ ಕಿತ್ತು, ಹೊಸದಕ್ಕೆ ತಗುಲಿಸಿ ಊರಿನ ಜಾತಕಗಳನ್ನೆಲ್ಲ ಸಾಗಿಸಿದ. ಸಾಫ್ಟ್‌ವೇರ್ ಮಾತ್ರ ಹೊಸ ಮನೆ ಒಗ್ಗದ ಅತ್ತೆಯ ಹಾಗೆ ಮುನಿಸಿಕೊಂಡು, ಹಾಕಿದಾಗಲೆಲ್ಲ ಎದ್ದು ಹೋಗಿ, ಕೊನೆಗೆ ಹೇಗೋ ಕೂತಿತು. ಹಳೆಯದರ ಮಿಕ್ಕ ಕರುಳನ್ನೆಲ್ಲ ಗುಜರಿಯವನು ಒಯ್ದ. ತಗಡಿನ ಡಬ್ಬವನ್ನು ಮಾತ್ರ ಈರುಳ್ಳಿ ಹಾಕಿಡಲು ಬೇಕೆಂದು ಹೆಂಡತಿ ಸ್ವಾತಿ ಉಳಿಸಿಕೊಂಡಳು.

ಮೊದಲ ಗಿರಾಕಿ ಪಕ್ಕದ ಬಳೆ ಅಂಗಡಿಯ ಕಾಂತಮ್ಮ. ಮೊಮ್ಮಗನ ಜಾತಕಕ್ಕೆ ಬಂದವಳು ಸೆರಗು ಸರಿಮಾಡಿಕೊಂಡು ಕೂರುವುದರೊಳಗೆ ಕಾಗದ ಹೊರಗೆ ಬಿತ್ತು.

"ಏನಪ್ಪಾ, ಆಗೋಯ್ತಾ?"

"ಆಯ್ತು ಕಣಮ್ಮ. ಹೊಸದಲ್ವಾ."

"ಹಳೇದು ಯೋಚ್ನೆ ಮಾಡಿ ಹೇಳ್ತಿತ್ತು. ಇದು ಬಾಯಿಗೆ ಬಂದಂಗೆ ಹೇಳ್ತೈತೆ. ಶನಿ ಎಲ್ಲವ್ನೆ ಅಂತ ಹುಡುಕೋಕಾದ್ರೂ ಒಸಿ ಹೊತ್ತು ಬ್ಯಾಡ್ವಾ?"

ಕಾಗದ ಅಲ್ಲೇ ಬಿಟ್ಟು ಎದ್ದಳು. ಕಾಂತಮ್ಮನ ಕಿವಿಗೆ ಬಿದ್ದದ್ದು ಬಸ್ ಸ್ಟ್ಯಾಂಡ್ ಮುಟ್ಟಲು ಬಸ್ಸು ಬೇಕಿಲ್ಲ. ಮಧ್ಯಾಹ್ನದೊಳಗೆ ಬೀದಿಯ ಜನ ಒಬ್ಬೊಬ್ಬರಾಗಿ ಬಂದು ಇಣುಕಿ, ಸಾವಿನ ಮನೆಯಲ್ಲಿ ಮಾಡುವಂತೆ ತಲೆಯಾಡಿಸಿ ಹೋದರು. ಒಬ್ಬರೂ ಒಳಗೆ ಕೂರಲಿಲ್ಲ.

ಆಮೇಲೆ ಕೊಬ್ಬರಿ ಮಂಡಿ ಜಯದೇವಪ್ಪನವರ ಫೋನು ಬಂತು.

"ಮಗಳಿಗೆ ಜಾವಗಲ್ ಕಡೆ ಗಂಡು ಬಂದೈತೆ ಕಣಯ್ಯ, ಸಾಲಾವಳಿ ನೋಡ್ಬೇಕು. ಈಗ್ಲೇ ಬತ್ತೀನಿ. ಆದ್ರೆ ಹಳೇದ್ರಲ್ಲೇ ನೋಡ್ಬೇಕು. ಹೊಸದು ಭಾಳ ಅವಸರದ್ದಂತಲ್ಲ."

ಜಯದೇವಪ್ಪನವರು ಒಪ್ಪಿದರೆ ಮಂಡಿಯವರೆಲ್ಲ ಒಪ್ಪಿದಂತೆ. ಅವರು ಎದ್ದುಹೋದರೆ ಅಂಗಡಿಗೆ ಬೀಗ. ಇಂದ್ರೇಶನಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಅವ್ರಿಗೆ ಬೇಕಾಗಿರೋದು ಹಳೇ ಡಬ್ಬ ತಾನೇ?" ಎಂದಳು ಸ್ವಾತಿ. "ಮೇಜಿನ ಮೇಲಿಡಿ. ಹೊಸದು ಕೆಳಗೆ ಬಟ್ಟೆ ಮರೇಲಿರ್ಲಿ."

"ಮೋಸ ಅಲ್ವೇನೇ?"

"ಜಾತಕದ ಅಂಗಡಿಯವ್ರು ಕೇಳೋ ಮಾತಾ ಇದು?"

ಜಯದೇವಪ್ಪನವರು ಬಂದರು. ಹಿಂದೆಯೇ, ಯಾರೂ ಕರೆಯದಿದ್ದರೂ, ಕಾಂತಮ್ಮ ಬಂದಳು. ಇಂದ್ರೇಶ ಗಂಡು ಹೆಣ್ಣಿನ ವಿವರ ಹೊಡೆದ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂದಿತ್ತು. ಅವನು ಗಬಕ್ಕನೆ ಪರದೆ ಆರಿಸಿ ಡಬ್ಬಕ್ಕೆ ಒಂದು ಏಟು ಕೊಟ್ಟ. ಖಾಲಿ ತಗಡು ಢಣ್ಣೆಂದಿತು.

"ಇವತ್ತು ಗಂಟ್ಲು ಚೆನ್ನಾಗೈತೆ," ಎಂದರು ಜಯದೇವಪ್ಪ.

"ಗುರು ಮರೇಲವ್ನೆ ಯಜಮಾನ್ರೇ. ಹುಡುಕ್ತಾ ಇದೆ."

ಕಾಫಿ ಬಂತು, ಹೋಯಿತು. ಇನ್ನೊಂದು ಏಟು ಕೊಟ್ಟು ಇಂದ್ರೇಶ ಕಾಗದ ತೆಗೆದ. ಗಂಡು ಹೆಣ್ಣಿನ ಜಾತಕಗಳು ಚೆನ್ನಾಗಿ ಕೂಡಿಬಂದಿದ್ದವು. ಜಯದೇವಪ್ಪನವರ ಮುಖ ಅರಳಿತು, ಇಂದ್ರೇಶನ ಎದೆ ಹಗುರಾಯಿತು. ಅಷ್ಟರಲ್ಲಿ ಕಾಂತಮ್ಮ ಡಬ್ಬದ ಹಿಂದೆ ಕೈಯಾಡಿಸಿದಳು.

"ಅಲ್ಲಾ ಇಂದ್ರೇಶ, ಇದಕ್ಕೆ ಕರೆಂಟಿನ ವೈರೇ ಇಲ್ವಲ್ಲೋ."

ಇಂದ್ರೇಶ ಸಿಕ್ಕಿಬಿದ್ದೆನೆಂದು ಕಣ್ಣು ಮುಚ್ಚಿದ. ತೆರೆದು ನೋಡಿದರೆ ಜಯದೇವಪ್ಪನವರು ಚಪ್ಪಲಿ ಬಿಟ್ಟು ನಿಂತಿದ್ದರು.

"ಕರೆಂಟಿಲ್ದೆ ಹೇಳ್ತು," ಎಂದರು, ಕೈಮುಗಿದು.

ಅರಸೀಕೆರೆಯಲ್ಲಿ ತೆಂಗಿನಕಾಯಿಗೆ ಬರವೇ. ಅರ್ಧ ಬೀದಿ ಕಾಯಿ ಹಿಡಿದು ಅಂಗಡಿಯೊಳಗೆ ನುಗ್ಗಿತು. ಡಬ್ಬಕ್ಕೆ ವಿಭೂತಿ ಬಿತ್ತು, ಹೂವು ಬಿತ್ತು. ನಿಜ ಹೇಳದಿರುವುದೇ ಒಳ್ಳೆಯದೆಂದು ಇಂದ್ರೇಶನಿಗೂ ಅನ್ನಿಸತೊಡಗಿತ್ತು, ಜಯದೇವಪ್ಪನವರು ಮಾತಾಡುವವರೆಗೆ.

"ಇಂಥದ್ದು ಅಂಗ್ಡೀಲಿ ಇರಬಾರ್ದು. ನಮ್ಮ ಮಂಡಿ ದೇವರ ಮನೇಲಿಡ್ತೀನಿ. ಇನ್ಮೇಲೆ ಯಾರಿಗೆ ಜಾತಕ ಬೇಕಾದ್ರೂ ಅಲ್ಲಿಗೇ ಬರ್ಲಿ."

ಮಂಡಿಯ ಹಮಾಲಿಗಳು ಆಟೋ ತಂದು ಡಬ್ಬಕ್ಕೆ ಕೈ ಹಾಕಿದರು. ಅದರ ಜೊತೆ ತನ್ನ ಗಿರಾಕಿಗಳೂ ಗೂಡ್ಸ್ ಆಟೋ ಹತ್ತುವುದು ಇಂದ್ರೇಶನಿಗೆ ಕಣ್ಣಿಗೆ ಕಟ್ಟಿತು.

"ಸ್ವಲ್ಪ ನಿಲ್ಲಿ," ಎಂದ. "ಅದು ಬೆಳಿಗ್ಗೇನೇ ಸತ್ತೋಗಿದೆ. ಜಾತಕ ಹೇಳಿದ್ದು ಕೆಳಗಿರೋ ಹೊಸದು."

"ಇವನಿಗೆ ಹೊಟ್ಟೆಕಿಚ್ಚು," ಎಂದಳು ಕಾಂತಮ್ಮ.

ಇಂದ್ರೇಶನಿಗೆ ರೇಗಿತು. ಡಬ್ಬದ ಮಗ್ಗುಲ ತಗಡನ್ನು ಎಳೆದು ತೆಗೆದ.

"ನೀವೇ ನೋಡಿ. ಒಳಗೆ ಏನಾದ್ರೂ ಇದ್ಯಾ?"

ಒಬ್ಬೊಬ್ಬರೇ ಬಗ್ಗಿ ನೋಡಿದರು. ಏನೂ ಇರಲಿಲ್ಲ. ಕೊನೆಯಲ್ಲಿ ಬಗ್ಗಿದ ಜಯದೇವಪ್ಪನವರು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಕಣ್ಣಲ್ಲಿ ನೀರಿತ್ತು.

"ಬಯಲು," ಎಂದರು. "ಇಷ್ಟು ವರ್ಷ ಒಳಗೆ ಏನೂ ಇಲ್ದೇನೇ ಹೇಳ್ತಿತ್ತು. ಪಾಪಿಗಳು, ನಾವು ಅದಕ್ಕೆ ಹೊಡೀತಿದ್ವಿ."

ಬೀದಿಗೆ ಬೀದಿಯೇ ಗಲ್ಲ ಬಡಿದುಕೊಂಡಿತು. ಆಟೋ ಹೊರಟಿತು, ಜನ ಹಿಂದೆ ಹೊರಟರು. ಈರುಳ್ಳಿಯ ಬುಟ್ಟಿ ಹಿಡಿದು ಬಂದ ಸ್ವಾತಿ ಖಾಲಿ ಮೇಜನ್ನು ನೋಡಿ ಒಳಗೆ ಹೋದಳು.

ಕಾಂತಮ್ಮ ಮಾತ್ರ ಹಿಂದೆ ಉಳಿದಳು. ಮೇಜಿನ ಕೆಳಗೆ ಬಗ್ಗಿ ಹೊಸ ಕಂಪ್ಯೂಟರನ್ನು ಮರುಕದಿಂದ ನೋಡಿದಳು.

"ಬೇಜಾರ್ ಮಾಡ್ಕಬ್ಯಾಡ ಕಣಪ್ಪ," ಎಂದಳು. "ಇದ್ರೊಳಗೆ ಇರೋದ್ನೂ ಎಲ್ಲಾ ತೆಗ್ದು ಖಾಲಿ ಮಾಡು. ಆಮೇಲೆ ನಾವೇ ಬತ್ತೀವಿ."